ಮಿನೇಟರಿ ಎಂಬ ಪದವೂ ನಾನು ಬೀಳಿಸಿದ ಬಾಲ್ಕನಿಯೂ

ನನ್ನ ಮೊಮ್ಮಗಳು ನವ್ಯಳ ಕೆಲಸ ಉಳಿಯಿತು. ನಿನ್ನೆ ಮಧ್ಯಾಹ್ನ ಊಟದ ಹೊತ್ತು ದಾಟಿದ ಮೇಲೆ ಕೆಂಗೇರಿಯ ಸೈಟಿನಿಂದ ಫೋನ್ ಮಾಡಿ, "ತಾತ, ಒಡೆದು ನೋಡಿದ್ರು. ಕಂಬಿ ಕೆಳಗೇ ಇತ್ತು. ನನ್ನ ಕೆಲಸ ಹೋಗಲ್ಲ" ಎಂದಳು. ನಾನು ಫೋನನ್ನು ಕಿವಿಗೆ ಒತ್ತಿಕೊಂಡೇ ಬೀದಿಗೆ ಇಳಿದೆ. ಎದುರು ಮನೆಯವರಿಗೆ ಹೇಳಿದೆ, ಹಾಲಿನ ಅಂಗಡಿಯವರಿಗೆ ಹೇಳಿದೆ, ಯಾರ ಮನೆಗೋ ಪಾರ್ಸೆಲ್ ತಂದು ವಿಳಾಸ ಹುಡುಕುತ್ತಿದ್ದವನನ್ನೂ ನಿಲ್ಲಿಸಿ ಹೇಳಿದೆ. "ಯಾವ ಕಂಬಿ ಸಾರ್?" ಎಂದು ಅವನು ಕೇಳಿದ. ಮೊದಲಿನಿಂದ ಹೇಳೋಣವೆಂದು ಜಗಲಿಯ ಮೇಲೆ ಸರಿಯಾಗಿ ಕೂರುವಷ್ಟರಲ್ಲಿ ಅವನು ಗಾಡಿ ಏರಿ ಹೊರಟುಹೋಗಿದ್ದ. ಅವನಿಗೆ ಹೇಳಲಾಗದೆ ಉಳಿದದ್ದನ್ನು ಇವತ್ತು ಬೆಳಿಗ್ಗೆ ಕೂತು ಬರೆಯುತ್ತಿದ್ದೇನೆ.

ನನ್ನ ಹೆಸರು ನಂಜಪ್ಪ. ಓದಿದ್ದು ನಾಲ್ಕನೇ ಕ್ಲಾಸು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಡೆ ನಲವತ್ತು ವರ್ಷ ಸೆಂಟ್ರಿಂಗ್ ಮೇಸ್ತ್ರಿಯಾಗಿದ್ದು, ಮಂಡಿ ಹೋದ ಮೇಲೆ ಲಗ್ಗೆರೆಯ ಮನೆಯಲ್ಲಿ ಕೂತಿದ್ದೇನೆ. ಸೆಂಟ್ರಿಂಗ್ ಎಂದರೆ ತಾರಸಿಗೆ ಕಾಂಕ್ರೀಟು ಸುರಿಯುವ ಮುಂಚೆ ಕೆಳಗಿನಿಂದ ಕಂಬ ಕೊಟ್ಟು, ಹಲಗೆ ಹಾಸಿ, ಅದು ಗಟ್ಟಿಯಾಗುವ ತನಕ ಹೊತ್ತು ನಿಲ್ಲಿಸುವ ಕೆಲಸ. ಮನೆ ಮುಗಿದ ಮೇಲೆ ಗಾರೆಯವನ ಕೈ ಕಾಣುತ್ತದೆ, ಬಣ್ಣದವನ ಕೈ ಕಾಣುತ್ತದೆ. ನಾವು ಮಾಡಿದ್ದನ್ನೆಲ್ಲ ನಾವೇ ಬಿಚ್ಚಿ ಲಾರಿಗೆ ತುಂಬಿಕೊಂಡು ಹೋಗಿರುತ್ತೇವೆ. ನಮ್ಮದೇನಾದರೂ ಕಾಣಿಸುತ್ತಿದೆ ಎಂದರೆ ಅದು ನಾವು ಮಾಡಿದ ತಪ್ಪೇ ಆಗಿರುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಬರುವವರು, ಎಂಜಿನಿಯರ್ ಆಗಿ ಬಂದರೂ ಸರಿ, ಕೂಲಿಗೆ ಬಂದರೂ ಸರಿ, ಇದನ್ನು ಓದಿಕೊಳ್ಳಲಿ. ನಾನು ಹೇಗೆ ಹೆಸರು ಮಾಡಿದೆ ಎಂಬುದು ಇದರಲ್ಲಿಲ್ಲ. ಏನೇನು ಕೆಡಿಸಿದೆ ಎಂಬುದು ಇದೆ.

ಮೊದಲು ನವ್ಯಳ ವಿಷಯ. ಸಿವಿಲ್ ಎಂಜಿನಿಯರಿಂಗ್ ಓದಿ ಏಳು ತಿಂಗಳ ಹಿಂದೆ ಒಬ್ಬ ಬಿಲ್ಡರ್ ಹತ್ತಿರ ಸೇರಿದಳು. ಕೆಂಗೇರಿಯಲ್ಲಿ ಅವರ ಅಪಾರ್ಟ್‌ಮೆಂಟ್ ಏಳುತ್ತಿದೆ. ಇನ್ನೂ ಪ್ರೊಬೇಷನ್ನು. ಹತ್ತು ದಿನದ ಹಿಂದೆ ಸಂಜೆ ಬಂದವಳು ಶೂ ಬಿಚ್ಚದೆ, ಹೆಲ್ಮೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತುಬಿಟ್ಟಳು.

"ಯಾಕ್ ಪುಟ್ಟಾ, ಯಾರಾದ್ರೂ ಏನಾದ್ರೂ ಅಂದ್ರಾ?" ಎಂದು ನನ್ನ ಹೆಂಡತಿ ಲಕ್ಷ್ಮಮ್ಮ ಕೇಳಿದಳು.

ನವ್ಯ ಮೊಬೈಲ್ ಮುಂದೆ ಹಿಡಿದಳು. ಇಂಗ್ಲಿಷ್ ಕಾಗದ. ನಮ್ಮಿಬ್ಬರಿಗೂ ಅದು ಇರುವೆ ಸಾಲಿನ ಹಾಗೆ ಕಂಡಿತು. ಅವಳೇ ಬಿಡಿಸಿ ಹೇಳಿದಳು.

ಸೈಟಿನಲ್ಲಿ ಮೂರನೇ ಮಹಡಿಗೆ ಆರು ಬಾಲ್ಕನಿ. ಕಾಂಕ್ರೀಟು ಸುರಿಯುವ ದಿನಕ್ಕೆ ನಮ್ಮ ಕಡೆ ಮೋಲ್ಡ್ ದಿನ ಎನ್ನುತ್ತೇವೆ. ಆ ದಿನ ಇವಳು ಒಂದು ತುದಿಯಲ್ಲಿದ್ದಾಗ, ಇನ್ನೊಂದು ತುದಿಯಲ್ಲಿ ಬಾಲ್ಕನಿಗೆ ಕಟ್ಟಿದ್ದ ಕಂಬಿಯ ಮೇಲೆ ಜನ ನಿಂತಿದ್ದನ್ನು ಕಂಡಳು. ತುಳಿದರೆ ಕಂಬಿ ಕೆಳಗೆ ಕೂತುಬಿಡುತ್ತದೆ, ಎತ್ತಿಸಿ ಎಂದು ಕೂಗಿದಳು. ಸೂಪರ್‌ವೈಸರ್ "ಎತ್ತಿಸಿದೀವಿ ಮೇಡಂ" ಎಂದ. ಇವಳು ಅಲ್ಲಿಗೆ ಹೋಗುವ ಹೊತ್ತಿಗೆ ಕಾಂಕ್ರೀಟು ಎಲ್ಲವನ್ನೂ ಮುಚ್ಚಿತ್ತು. ಇವಳಿಗೆ ನಂಬಿಕೆ ಬರಲಿಲ್ಲ. ಕಂಟ್ರಾಕ್ಟರು ಕೆಳಗಿನ ಜಾಕಿಗಳನ್ನು, ಅಂದರೆ ಈಗಿನ ಕಬ್ಬಿಣದ ಕಂಬಗಳನ್ನು, ಬಿಚ್ಚಲು ದಿನ ಗೊತ್ತುಮಾಡಿದಾಗ, "ಬಿಚ್ಚಬೇಡಿ, ಬಿಚ್ಚಿದರೆ ಬಾಲ್ಕನಿ ಜನರ ತಲೆಯ ಮೇಲೆ ಬರುತ್ತದೆ, ಹೊಣೆ ನಿಮ್ಮದು" ಎಂದು ಅವನಿಗೆ ಬರೆದಳು. ಅವನು ಮ್ಯಾನೇಜರಿಗೆ ದೂರು ಕೊಟ್ಟ. ಮ್ಯಾನೇಜರು ಇವಳಿಗೆ ಬರೆದ ಕಾಗದವೇ ಇದು: ಕಾಂಕ್ರೀಟು ಟೆಸ್ಟಿನಲ್ಲಿ ಪಾಸಾಗಿದೆ, ನಿಮ್ಮ ಬರವಣಿಗೆಯ ಧಾಟಿ ಮಿನೇಟರಿ ಆಗಿದೆ, ಹತ್ತು ದಿನದೊಳಗೆ ಕ್ಷಮೆ ಕೇಳಿ ಬರೆಯಿರಿ, ಇಲ್ಲದಿದ್ದರೆ ಪ್ರೊಬೇಷನ್ ಮುಗಿದ ಮೇಲೆ ಬರುವುದು ಬೇಡ.

"ಮಿನೇಟರಿ ಅಂದ್ರೇನೇ? ಸೆಂಟ್ರಿಂಗ್‌ನಲ್ಲಿ ಅಂಥದ್ದು ಕೇಳಿಲ್ವಲ್ಲ" ಎಂದೆ ನಾನು. ನನಗೆ ಗೊತ್ತಿರುವ ಇಂಗ್ಲಿಷೆಲ್ಲ ಮೋಲ್ಡು, ಲೆವೆಲ್ಲು, ಟೇಪು, ಸಾರಿ ಸಾರ್. ಕೊನೆಯದೇ ಹೆಚ್ಚು ಬಳಕೆಯದು.

"ನಾನೂ ಕೇಳಿಲ್ಲ ತಾತ. ಇಂಗ್ಲಿಷ್ ಮೀಡಿಯಂ ಅಂತ ಹೆಸರಿಗೆ ಅಷ್ಟೇ" ಎಂದು ಅವಳು ಮೊಬೈಲಿನಲ್ಲಿ ಹುಡುಕಿ ಓದಿದಳು. ಹೆದರಿಸುವಂಥದ್ದು, ಇನ್ನೇನು ಕೇಡು ಬಂತು ಎಂದು ಗುರುಗುಟ್ಟುವಂಥದ್ದು ಎಂದು ಅರ್ಥ. ಇಂಗ್ಲಿಷಿನವರೇ ಅಪರೂಪಕ್ಕೆ ಬಳಸುವ ಪದವಂತೆ. ಅಷ್ಟಕ್ಕೇ ಬಿಡದೆ ಪದ ಎಲ್ಲಿಂದ ಬಂತು ಎಂಬುದನ್ನೂ ಓದಿದಳು. ರೋಮ್ ಕಡೆಯ ಹಳೇ ಭಾಷೆ ಲ್ಯಾಟಿನ್ನು. ಅದರಲ್ಲಿ ಮಿನೈ ಎಂದರೆ ಗೋಡೆಯ ತಲೆಯಿಂದ ಮುಂದಕ್ಕೆ ಚಾಚಿಕೊಂಡ ತುದಿಗಳು. ಕೆಳಗೆ ಹೋಗುವವರ ತಲೆಯ ಮೇಲೆ ಬಾಗಿ ನಿಂತದ್ದು. ಅದೇ ಮಾತು ಆಮೇಲೆ ಬೆದರಿಕೆಗೂ ಆಯಿತು, ಬೆದರಿಸುವುದಕ್ಕೂ ಆಯಿತು, ಹಾಗೇ ಬೆಳೆದು ಮಿನೇಟರಿ ಎಂದಾಯಿತು. ಮೆನೇಸ್ ಎಂಬುದೂ, ಇನ್ನೇನು ಆಗಲಿದೆ ಎನ್ನಲು ಹೇಳುವ ಇಮಿನೆಂಟ್ ಎಂಬುದೂ ಇದರ ನೆಂಟರೇ ಅಂತೆ.

ನನಗೆ ಮೈ ಜುಮ್ಮೆಂದಿತು. ಆ ಪದವನ್ನು ಮಾಡಿದವರು ಯಾರೋ ಪಂಡಿತರಲ್ಲ, ನಮ್ಮಂಥವರೇ ಯಾರೋ ಇದ್ದಿರಬೇಕು. ಚಾಚಿ ನಿಂತದ್ದರ ಕೆಳಗೆ ಬಗ್ಗಿ ಕೊನೆಯ ಕಂಬವನ್ನು ಬಡಿದು ತೆಗೆದವನಿಗೆ ಮಾತ್ರ ಭಯಕ್ಕೆ ಆ ಹೆಸರು ಹೊಳೆಯುತ್ತದೆ. ನಾಲ್ಕನೇ ಕ್ಲಾಸಿನ ನನಗೆ ಒಂದು ಇಂಗ್ಲಿಷ್ ಪದ ಪೂರ್ತಿಯಾಗಿ ಅರ್ಥವಾದದ್ದು ಜೀವನದಲ್ಲಿ ಅದೇ ಮೊದಲು. ಬಂದ ಸಂತೋಷದಲ್ಲಿ, "ಒಳ್ಳೇ ಪದ ಕಣೇ" ಎಂದುಬಿಟ್ಟೆ.

"ಅವಳ ಕೆಲಸ ಹೋಗ್ತಾ ಇದೆ, ಇವರಿಗೆ ಪದ ಒಳ್ಳೇದಂತೆ" ಎಂದಳು ಲಕ್ಷ್ಮಮ್ಮ.

ಅಷ್ಟರಲ್ಲಿ ನನ್ನ ಮಗ ಗಿರೀಶ, ಅಂದರೆ ನವ್ಯಳ ಅಪ್ಪ, ಪೀಣ್ಯದ ಫ್ಯಾಕ್ಟರಿಯಿಂದ ಬಂದ. ಎಲ್ಲವನ್ನೂ ಕೇಳಿ, "ಎರಡು ಲೈನ್ ಸಾರಿ ಬರೆದು ಮುಗ್ಸಮ್ಮ. ಈ ಕೆಲಸ ಸಿಗೋಕೆ ಎಷ್ಟು ಅಲೆದೆ ಅಂತ ಮರ್ತೋಯ್ತಾ?" ಎಂದ.

"ಬಿದ್ರೆ ಅಪ್ಪ?"

"ಬೀಳಲ್ಲ ಅಂತ ಟೆಸ್ಟೇ ಹೇಳಿದೆಯಲ್ಲ."

"ಟೆಸ್ಟು ಕಾಂಕ್ರೀಟಿಗೆ ಅಪ್ಪ. ಕಂಬಿ ಎಲ್ಲಿದೆ ಅಂತ ಅದು ಹೇಳಲ್ಲ."

ಇಲ್ಲಿ ಹೊಸಬರಿಗೆ ಒಂದು ಮಾತು ಹೇಳಬೇಕು. ನನಗಿದನ್ನು ಕಲಿಸಿದವರು ಬಿನ್ನಿಪೇಟೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬ ಎಂಜಿನಿಯರು. ನಾವು ದೊಡ್ಡ ಸಾಹೇಬರು ಎನ್ನುತ್ತಿದ್ದೆವು. ಆಳು ಕುಳ್ಳಗೆ. ಒಂದು ದಿನ ನನ್ನನ್ನು ಗೋಡೆಗೆ ಆನಿಸಿ ನಿಲ್ಲಿಸಿ, "ಕೈ ಮುಂದಕ್ಕೆ ಚಾಚು" ಎಂದರು. ಚಾಚಿದೆ. ಬೆರಳಿಗೆ ನೀರಿನ ಬಕೆಟ್ಟು ನೇತುಹಾಕಿದರು. ಸ್ವಲ್ಪ ಹೊತ್ತಿಗೆ ಕೈ ನಡುಗತೊಡಗಿತು.

"ಎಲ್ಲಿ ಎಳೀತಿದೆ?"

"ಭುಜದ ಮೇಲ್ಗಡೆ ಸಾರ್."

"ಹಾಂ. ಬಾಲ್ಕನಿಗೆ ಕಂಬಿ ಅಲ್ಲಿರ್ಬೇಕು. ಗೋಡೆ ಹತ್ರ, ಮೇಲ್ಗಡೆ. ಕೆಳಗಿದ್ರೆ ಇದ್ದೂ ಇಲ್ಲದಂಗೆ."

ರೂಮಿನ ತಾರಸಿ ನಡುವೆ ಜಗ್ಗುತ್ತದೆ, ಅದಕ್ಕೆ ಕಂಬಿ ಕೆಳಗಿರಬೇಕು. ಚಾಚಿದ್ದು ಬುಡದಲ್ಲಿ ಮೇಲ್ಗಡೆ ಬಿರುಕು ಬಿಡುತ್ತದೆ, ಅದಕ್ಕೆ ಕಂಬಿ ಮೇಲಿರಬೇಕು. ಬಿಚ್ಚುವಾಗಲೂ ಹಾಗೇ. ರೂಮಿನದನ್ನು ನಡುವಿನಿಂದ ಬಿಚ್ಚುತ್ತಾ ಗೋಡೆಯ ಕಡೆ ಬರಬೇಕು, ಬಾಲ್ಕನಿಯದನ್ನು ಹೊರತುದಿಯಿಂದ ಬಿಚ್ಚುತ್ತಾ ಗೋಡೆಯ ಕಡೆ ಬರಬೇಕು. ಇಷ್ಟು ಗೊತ್ತಿದ್ದರೆ ನಮ್ಮ ಕೆಲಸದ ಅರ್ಧ ಗೊತ್ತಿದ್ದ ಹಾಗೆ. ನನಗೂ ಗೊತ್ತಿತ್ತು. ತಲೆಗೆ ಗೊತ್ತಿತ್ತು, ಕೂರುವ ಜಾಗಕ್ಕೆ ಗೊತ್ತಿರಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ನಾನು ಕೆಡಿಸಿದ್ದರಲ್ಲಿ ಕೆಲವನ್ನು ನಾನೇ ಹೇಳಿ ಜನರನ್ನು ನಗಿಸುತ್ತಿದ್ದೆ. ವಿಜಯನಗರದ ಸಂಪಿನ ಕಥೆ ಅಂಥದ್ದು. ಸ್ವಂತ ಮೇಸ್ತ್ರಿಯಾದ ಮೇಲಿನ ಮೊದಲ ಕೆಲಸ. ಬಾಗಿಲಗಲದ ಹಲಗೆಗಳನ್ನು ನೀರಿನ ಸಂಪಿನೊಳಗೆ ಇಳಿಸಿ, ಕಂಬ ಕೊಟ್ಟು, ಮೇಲೆ ಕಾಂಕ್ರೀಟು ಹಾಕಿಸಿ, ಮೂಲೆಯಲ್ಲಿ ಎರಡಡಿ ಕಿಂಡಿ ಬಿಟ್ಟೆ. ಎರಡು ವಾರ ಕಳೆದು ಬಿಚ್ಚಲು ಇಳಿದರೆ ಒಂದು ಹಲಗೆಯೂ ಕಿಂಡಿಯಲ್ಲಿ ತೂರದು. ಮನೆಯೊಡತಿ ಕಾಫಿ ಹಿಡಿದು ಮೇಲಿನಿಂದ ಬಗ್ಗಿದರು.

"ಮೇಸ್ತ್ರಿ, ಹಲಗೆ ಒಳಗೆ ಹೋಗಿದ್ದು ಹೆಂಗೆ?"

"ಅವಾಗ ಮುಚ್ಚಳ ಇರ್ಲಿಲ್ಲ ಅಮ್ಮ."

"ಮುಚ್ಚಳ ಬರುತ್ತೆ ಅಂತ ನಿಮಗೆ ಗೊತ್ತಿರ್ಲಿಲ್ವಾ? ನೀವೇ ತಾನೇ ಹಾಕಿದ್ದು?"

ಗರಗಸ ಇಳಿಸಿಕೊಡಿ ಎಂದೆ. ದಿನವಿಡೀ ಒಳಗೆ ಕೂತು ಒಳ್ಳೆಯ ಹಲಗೆಗಳನ್ನೆಲ್ಲ ಗರಗಸದಲ್ಲಿ ಕೊಯ್ದು ಸೌದೆ ಮಾಡಿ ಮೇಲಕ್ಕೆ ಕೊಟ್ಟೆ. ಆಕೆ ಅದರಲ್ಲೇ ನೀರು ಕಾಯಿಸಿ, ಸಂಜೆ ನನಗೂ ಕೈಕಾಲಿಗೆ ಬಿಸಿನೀರು ಕೊಟ್ಟರು.

ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ಆ ಸಂಜೆ ಮಗ ಮತ್ತು ಮೊಮ್ಮಗಳು ವಾದ ಮಾಡುತ್ತಿದ್ದಾಗ ಲಕ್ಷ್ಮಮ್ಮ ನಡುವೆ ಬಾಯಿ ಹಾಕಿದಳು. "ನಿಮ್ಮ ತಾತ ಆಗಿದ್ರೆ ನೋಡಿದ ತಕ್ಷಣ ಹೇಳಿಬಿಡೋರು. ಬಸವೇಶ್ವರನಗರದಲ್ಲಿ ಬಾಲ್ಕನಿ ಬೀಳೋಕೆ ಮುಂಚೆನೇ ಗೊತ್ತಾಗಿ, ಕೂಗಿ, ಒಂದು ಮುದುಕಮ್ಮನ್ನ ಉಳಿಸಿದ್ರು."

ಮೂವತ್ತು ವರ್ಷದಿಂದ ನಮ್ಮ ಮನೆಯಲ್ಲಿ ನಡೆದುಬಂದ ಕಥೆ ಅದು. ಮದುವೆ ಮನೆಗಳಲ್ಲಿ, ನಾಮಕರಣಗಳಲ್ಲಿ ಅವಳು ಹೇಳುವಾಗ ನಾನು ನೆಲ ನೋಡುತ್ತಿದ್ದೆ. ಜನ ಅದನ್ನು ವಿನಯ ಎಂದುಕೊಳ್ಳುತ್ತಿದ್ದರು.

ನವ್ಯ ನನ್ನ ಕಡೆ ತಿರುಗಿದಳು. "ತಾತ, ಅವತ್ತು ಅದು ಯಾಕೆ ಬಿತ್ತು?"

"ಸಿಮೆಂಟ್ ಹಳೇದಾಗಿತ್ತು" ಎಂದು ಬಾಯಿಗೆ ಬಂತು. ಅಷ್ಟು ವರ್ಷ ಅದನ್ನೇ ಹೇಳಿದ್ದೆ. ಆದರೆ ಹುಡುಗಿ ಶೂ ಕೂಡ ಬಿಚ್ಚದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಕೆಲಸಕ್ಕೆ ಒಂದಿಷ್ಟು ಆಸರೆ ಸಿಗುವುದಿದ್ದರೆ ನನ್ನ ಈ ಉತ್ತರದಿಂದಲೇ ಸಿಗಬೇಕಿತ್ತು.

"ಅದನ್ನ ಬೀಳಿಸಿದ್ದು ನಾನೇ ಕಣೇ" ಎಂದೆ.

ನಡೆದದ್ದು ಇಷ್ಟು. ಆ ಮನೆ ಕಟ್ಟಿಸುತ್ತಿದ್ದವರು ಉತ್ತರ ಕರ್ನಾಟಕದ ವ್ಯಾಪಾರಿಗಳು, ಬಹಳ ಧಾರಾಳಿಗಳು. ಮೋಲ್ಡ್ ದಿನ ಮನೆಯವರು ಕೆಲಸದವರಿಗೆ ಊಟ ಹಾಕುವುದು ನಮ್ಮಲ್ಲಿ ಪದ್ಧತಿ. ಅವರು ಬುಟ್ಟಿಗಟ್ಟಲೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ತರಿಸಿದ್ದರು. ರೂಮುಗಳಿಗೆ ಕಾಂಕ್ರೀಟು ಬಿದ್ದು ಬಾಲ್ಕನಿ ಒಂದು ಬಾಕಿ ಇತ್ತು. ಪಕ್ಕದ ಮನೆಯ ಮಾವಿನ ಮರದ ನೆರಳು ಸರಿಯಾಗಿ ಆ ಬಾಲ್ಕನಿಯ ಮೇಲೆ ಬಿದ್ದಿತ್ತು. "ಇಲ್ಲೇ ಕೂರ್ರೋ, ತಂಪಾಗಿದೆ" ಎಂದವನು ನಾನೇ. ಕಂಬಿಯ ಮೇಲೆ ಸಿಮೆಂಟ್ ಚೀಲ ಹಾಸಿ ಐದು ಜನ ಕೂತೆವು. ನಾನಂತೂ ಗೋಡೆಯ ನೇರಕ್ಕೆ, ಬುಡದಲ್ಲೇ ಕೂತೆ. ಆರು ರೊಟ್ಟಿ, ಮೂರು ಹೋಳಿಗೆ. ಎದ್ದಾಗ ಮೇಲಿರಬೇಕಾದ ಕಂಬಿಯೆಲ್ಲ ಹಲಗೆಗೆ ಅಂಟಿಕೊಂಡಿತ್ತು. ಎತ್ತಿ ಕಟ್ಟಿಸಬೇಕಿತ್ತು. ಹೊಟ್ಟೆ ತುಂಬಿತ್ತು, ಕಣ್ಣು ಎಳೆಯುತ್ತಿತ್ತು. "ಸುರೀರಿ" ಎಂದೆ.

ಮೂರು ವಾರ ಬಿಟ್ಟು ಬಿಚ್ಚಿದೆವು. ಹೊರತುದಿಯಿಂದಲೇ ಬಿಚ್ಚಿದೆ, ಅದರಲ್ಲಿ ತಪ್ಪಿಲ್ಲ. ಕೊನೆಯ ಕಂಬ ತೆಗೆದಾಗ ಮೇಲೆ ಹಪ್ಪಳ ಮುರಿದಂಥ ಸದ್ದು ಕೇಳಿಸಿತು. ನಾನು ಓಡಿದೆ. ಗೇಟಿನ ಒಳಗೆ ಆ ಮನೆಯ ಹಿರಿಯಮ್ಮ ನಿಂತಿದ್ದರು. ನಾನು ಕೂಗಲಿಲ್ಲ. ಅವರನ್ನು ದಾಟಿಕೊಂಡೇ ಓಡಿದೆ. ರಸ್ತೆಯ ತಿರುವಿನಲ್ಲಿ ನಿಂತು ನೋಡಿದರೆ ನನ್ನ ಕಾಲಲ್ಲಿ ಒಂದೇ ಚಪ್ಪಲಿ. ಬಾಲ್ಕನಿ ಮುರಿದು ಗೋಡೆಗೆ ಜೋತುಬಿದ್ದಿತ್ತು. ನಾನು ಓಡಿದ್ದನ್ನು ನೋಡಿ ಆ ಅಮ್ಮ ತಾವೇ ಹಿಂದೆ ಸರಿದಿದ್ದರಂತೆ. ನಾನು ಅವರನ್ನು ಉಳಿಸಿದ್ದು ಎಂದರೆ ಅಷ್ಟೇ.

ದೊಡ್ಡ ಸಾಹೇಬರು ಬಂದರು. ಏಣಿ ಹಾಕಿಸಿ ಹತ್ತಿ ಮುರಿದ ಬುಡವನ್ನು ಬೆರಳಲ್ಲಿ ಸವರಿ ನೋಡಿದರು. ಇಳಿದು ಬಂದು ಒಂದೇ ಪ್ರಶ್ನೆ ಕೇಳಿದರು.

"ನಂಜಪ್ಪ, ಮೋಲ್ಡ್ ದಿನ ಊಟಕ್ಕೆ ಎಲ್ಲಿ ಕೂತಿದ್ರಿ?"

"ಕೆಳಗೆ ಸಾರ್, ಮರಳಿನ ಹತ್ರ."

ಅವರು ಕೈಗೆ ಮೆತ್ತಿದ್ದ ಪುಡಿ ಕೊಡವಿಕೊಂಡರು. ಬಯ್ಯಲಿಲ್ಲ. ಸೈಕಲ್ ಹತ್ತುವಾಗ, "ಇನ್ಮೇಲೆ ಅಲ್ಲೇ ಕೂತ್ಕೊ" ಎಂದರು. ಬಾಲ್ಕನಿಯನ್ನು ಮತ್ತೆ ಕಟ್ಟಿಕೊಟ್ಟೆವು. ಅವರು ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ಹೇಳದೆ ಬಿಟ್ಟ ಜಾಗದಲ್ಲಿ ಲಕ್ಷ್ಮಮ್ಮನ ಕಥೆ ಬೆಳೆಯಿತು.

ಅಲ್ಲಿಗೆ ನನ್ನ ಮಾತು ಮುಗಿಯಿತು. ಲಕ್ಷ್ಮಮ್ಮನೇ ಮೊದಲು ಮಾತಾಡಿದಳು.

"ಊರಿಗೆಲ್ಲ ಹೇಳಿದೀನಲ್ರೀ. ಈಗ ಯಾರ್ಯಾರ ಮನೆಗೆ ಹೋಗಿ ವಾಪಸ್ ತಗೊಂಡು ಬರ್ಲಿ?"

ಗಿರೀಶ ನಗು ತಡೆಯಲು ಮುಖ ತಿರುಗಿಸಿದ. ನವ್ಯ ನಗಲಿಲ್ಲ. ಶೂ ಬಿಚ್ಚಿ ಪಕ್ಕಕ್ಕಿಟ್ಟು, "ಸಾಹೇಬರು ಕೇಳಿದ ಪ್ರಶ್ನೆ ಇನ್ನೊಂದ್ ಸಲ ಹೇಳಿ ತಾತ" ಎಂದಳು.

ಮರುದಿನ ಅವಳು ಸೈಟಿನಲ್ಲಿ ಯಾರ ಮೇಲೂ ರೇಗಲಿಲ್ಲ. ಟೀ ಹೊತ್ತಿನಲ್ಲಿ ಕೆಲಸದವರ ಜೊತೆ ಕೂತು, ಅವಳಿಗೆ ಬರುವ ಹರಕು ಹಿಂದಿಯಲ್ಲಿ, ಮೋಲ್ಡ್ ದಿನ ಊಟ ಎಲ್ಲಿ ಮಾಡಿದಿರಿ ಎಂದು ಕೇಳಿದಳು. ಅವರಿಗೆ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಕಾಣಲಿಲ್ಲ. ಮೂರನೇ ಬಾಲ್ಕನಿಯನ್ನೂ ಐದನೆಯದನ್ನೂ ತೋರಿಸಿದರು. ಪಕ್ಕದ ಎತ್ತರದ ನೀರಿನ ಟ್ಯಾಂಕಿನ ನೆರಳು ಅಲ್ಲಿಗೆ ಬೀಳುತ್ತದಂತೆ, ಗಾಳಿಯೂ ಚೆನ್ನಾಗಿದೆಯಂತೆ.

ಅವತ್ತು ಸಂಜೆ ಅವಳು ಮ್ಯಾನೇಜರಿಗೆ ಉತ್ತರ ಬರೆದಳು. ಆ ಪದದ ಹುಟ್ಟಿನ ಬಗ್ಗೆ ಒಂದು ಸಾಲು ಸೇರಿಸು, ಬೆದರಿಸುತ್ತಿರುವುದು ನೀನಲ್ಲ, ಅಲ್ಲಿ ಚಾಚಿ ನಿಂತಿರುವುದೇ ಎಂದು ಬರೆ ಎಂದು ನಾನು ದುಂಬಾಲು ಬಿದ್ದೆ. ಅವಳು ಬರೆದಳು, ಓದಿ ನೋಡಿದಳು, ಅಳಿಸಿದಳು. "ಮ್ಯಾನೇಜರಿಗೆ ಪಾಠ ಮಾಡಿದ್ರೆ ಇನ್ನೂ ಉರೀತಾರೆ ತಾತ." ನನಗೆ ಬೇಜಾರಾಯಿತು. ಕಲಿತ ಒಂದೇ ಇಂಗ್ಲಿಷ್ ಪದವೂ ಉಪಯೋಗಕ್ಕೆ ಬರಲಿಲ್ಲ. ಅವಳು ಕಳಿಸಿದ್ದು ಇಷ್ಟು: ಬಾಲ್ಕನಿಗಳ ಬುಡದಲ್ಲಿ ಕಂಬಿ ಎಷ್ಟು ಆಳದಲ್ಲಿದೆ ಎಂದು ನೋಡಿಸಿ, ಅದರಲ್ಲೂ ಮೂರನೆಯದು ಮತ್ತು ಐದನೆಯದು. ಕಂಬಿ ಮೇಲಿನಿಂದ ಒಂದೂವರೆ ಇಂಚಿನೊಳಗೆ ಸಿಕ್ಕಿದರೆ ಕ್ಷಮೆಯನ್ನೂ ಬರೆಯುತ್ತೇನೆ, ಕೆಲಸವನ್ನೂ ಬಿಡುತ್ತೇನೆ.

"ಕೊನೇ ಮಾತು ಯಾಕೆ ಬರೆದೆ?" ಎಂದು ಗಿರೀಶ ನಿನ್ನೆಯ ತನಕ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ನನ್ನ ಹೊಟ್ಟೆಬಾಕತನದ ಕಥೆ ನಂಬಿಕೊಂಡು ಹುಡುಗಿ ಕೆಲಸವನ್ನೇ ಪಣಕ್ಕಿಟ್ಟಿದ್ದಳು.

ನಿನ್ನೆ ನಡೆದದ್ದನ್ನು ಅವಳು ಹೇಳಿದ ಹಾಗೆ ಬರೆಯುತ್ತೇನೆ. ನಮ್ಮ ಕಾಲದಲ್ಲಿ ಉಳಿ ಸುತ್ತಿಗೆ ಬಿಟ್ಟರೆ ಗತಿಯಿರಲಿಲ್ಲ. ಈಗ ಇಸ್ತ್ರಿ ಪೆಟ್ಟಿಗೆಯಂಥ ಒಂದು ಮೆಷಿನ್ನು ಇದೆಯಂತೆ, ಕಾಂಕ್ರೀಟಿನ ಮೇಲೆ ಉಜ್ಜಿದರೆ ಒಳಗಿನ ಕಂಬಿ ಎಷ್ಟು ಆಳದಲ್ಲಿದೆ ಎಂದು ಹೇಳುತ್ತದಂತೆ. ಮ್ಯಾನೇಜರು ತಾವೇ ನಿಂತು ಒಂದನೇ ಬಾಲ್ಕನಿಯಿಂದ ಶುರು ಮಾಡಿಸಿದರು. ಒಂದನೆಯದರಲ್ಲಿ ಕಂಬಿ ಒಂದಿಂಚಿಗೇ ಸಿಕ್ಕಿತು. ಎರಡನೆಯದರಲ್ಲೂ ಹಾಗೇ. ಕಂಟ್ರಾಕ್ಟರು, "ಮೇಡಂ, ಟೀ ತರಿಸ್ಲಾ?" ಎಂದನಂತೆ. ಇವಳು ಮೂರನೆಯದರ ಕಡೆ ನಡೆದಳಂತೆ.

ಮೂರನೆಯದರಲ್ಲಿ ಮೆಷಿನ್ನು ಮೂರೂವರೆ ಇಂಚು ತೋರಿಸಿತು. ಐದಿಂಚು ದಪ್ಪದ ಬಾಲ್ಕನಿ ಅದು.

"ಮೆಷಿನ್ ಕೆಟ್ಟಿದೆ ಸಾರ್" ಎಂದ ಕಂಟ್ರಾಕ್ಟರು.

"ಒಡೀರಿ" ಎಂದರು ಮ್ಯಾನೇಜರು.

ಉಳಿ ಇಳಿಯಿತು. ಒಂದಿಂಚು, ಎರಡಿಂಚು, ಬರೀ ಕಾಂಕ್ರೀಟು. ಮೂರು ದಾಟಿದ ಮೇಲೆ ಕಂಬಿ ಠಣ್ ಎಂದಿತು. ಮ್ಯಾನೇಜರು ಮಂಡಿಯೂರಿ ತಾವೇ ಸ್ಕೇಲು ಇಳಿಬಿಟ್ಟು ನೋಡಿದರು. ಐದನೆಯದೂ ಹಾಗೇ ಇತ್ತು. ಉಳಿದ ನಾಲ್ಕು ಸರಿಯಿದ್ದವು. ಜಾಕಿಗಳನ್ನು ಮುಟ್ಟಕೂಡದು, ಆ ಎರಡನ್ನೂ ಒಡೆದು ಹೊಸದಾಗಿ ಹಾಕಬೇಕು ಎಂದು ಅಲ್ಲೇ ಹೇಳಿದರಂತೆ. ನವ್ಯಳಿಗೆ ಹೇಳಿದ್ದು ಇಷ್ಟೇ: "ಪ್ರೊಬೇಷನ್ ಬಗ್ಗೆ ತಲೆ ಕೆಡಿಸ್ಕೊಬೇಡಿ. ಆದ್ರೆ ಇನ್ಮೇಲೆ ಮೊದಲು ನನಗೆ ಫೋನ್ ಮಾಡಿ, ಆಮೇಲೆ ಲೆಟರ್ ಬರೀರಿ." ಆ ಮಾತೂ ಸರಿಯೇ. ಹೊಸಬರು ಅದನ್ನೂ ಬರೆದಿಟ್ಟುಕೊಳ್ಳಲಿ.

ಸಂಜೆ ಏಳಕ್ಕೆ ಅವಳು ಮನೆಗೆ ಬಂದಳು. ಗಿರೀಶ ಆ ದಿನ ಓವರ್‌ಟೈಮ್ ಬಿಟ್ಟು ಬೇಗ ಬಂದಿದ್ದ. ಅವಳ ಕೈಯಿಂದ ಬ್ಯಾಗು ತೆಗೆದುಕೊಂಡು, "ಹಸಿವಾಗಿದೆಯಾ?" ಎಂದು ಕೇಳಿದ. ಅಷ್ಟು ದಿನದ ಮುನಿಸು ಅಲ್ಲಿಗೇ ಮುಗಿಯಿತು. ಸೊಸೆ ಸುಮಾ ಮುದ್ದೆ, ಅವರೆಕಾಳಿನ ಸಾರು ಮಾಡಿದ್ದಳು. ಲಕ್ಷ್ಮಮ್ಮ ಶಾವಿಗೆ ಪಾಯಸ ಕಾಯಿಸಿದ್ದಳು. ಐದೂ ಜನ ನೆಲದ ಮೇಲೆ ಸುತ್ತ ಕೂತೆವು. ಹತ್ತು ದಿನದಿಂದ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ತಿಂದು ಏಳುತ್ತಿದ್ದೆವು.

ನವ್ಯ ಒಂದು ಮುದ್ದೆ ಮುಗಿಸಿದಳು, ಪಾಯಸ ಎರಡು ಸಲ ಹಾಕಿಸಿಕೊಂಡಳು, ಮೊಸರನ್ನ ಕಲೆಸತೊಡಗಿದಳು. ಕಲೆಸುತ್ತಿದ್ದ ಕೈ ನಿಧಾನವಾಯಿತು, ಆಮೇಲೆ ತಟ್ಟೆಯಲ್ಲೇ ನಿಂತಿತು. ನೋಡಿದರೆ ಅಮ್ಮನ ಭುಜಕ್ಕೆ ತಲೆ ಕೊಟ್ಟು ನಿದ್ದೆ ಹೋಗಿದ್ದಳು. ಸುಮಾ ಅಲುಗಾಡದೆ ಕೂತು ಎಡಗೈಯಿಂದ ನಮಗೆ ಸನ್ನೆ ಮಾಡಿದಳು. ಗಿರೀಶ ಮೊಸರಿನ ಪಾತ್ರೆಯನ್ನು ಸದ್ದಾಗದಂತೆ ಎತ್ತಿ ನನ್ನ ಕಡೆಗಿಟ್ಟ. ಲಕ್ಷ್ಮಮ್ಮ ಲೋಟವನ್ನು ಕೆಳಗಿಡದೆ ಕೈಯಲ್ಲೇ ಹಿಡಿದುಕೊಂಡಳು. ನಾವು ನಾಲ್ವರೂ ಹಾಗೇ ಊಟ ಮುಗಿಸಿ, ಅವಳು ಏಳುವ ತನಕ ಕೈ ತೊಳೆಯದೆ, ಒಣಗಿದ ಎಂಜಲು ಕೈಯಲ್ಲೇ ಕೂತಿದ್ದೆವು.